ಬಣ್ಣ ನೋಡಿ ಸುರಿಯುವ ಎಣ್ಣೆಯಲ್ಲ

ಮೇ ತಿಂಗಳ ಒಂದು ಮಧ್ಯಾಹ್ನ ರಾಯಚೂರು ಬಳಿಯ ಶಕ್ತಿನಗರದ ಗ್ಯಾರೇಜೊಂದರಲ್ಲಿ ಕೂತಿದ್ದೆ. ಗೆಳೆಯರೊಬ್ಬರ ಆಟೋಮ್ಯಾಟಿಕ್ ಕಾರು ಮೇಲೆ ನಿಂತಿತ್ತು, ಕೆಳಗೆ ಹಳೆಯ ಪ್ಲಾಸ್ಟಿಕ್ ಬೋಗುಣಿ. ಮೆಕ್ಯಾನಿಕ್ ಪಾನಾ ಹಾಕಿ ಬೋಲ್ಟ್ ಸಡಿಲಿಸಿದ. ಕೆಂಪಗೆ ಇಳಿಯಬೇಕಾದ ಎಣ್ಣೆ ಚಹಾದ ಡಿಕಾಕ್ಷನ್ನಿಗಿಂತ ಕಪ್ಪಾಗಿ ಇಳಿಯಿತು. ಬೆರಳಿಗೆ ಒಂದು ಹನಿ ತಗೊಂಡು ಮೂಗಿಗೆ ಹಿಡಿದ. ‘ಸುಟ್ಟದ ನೋಡ್ರಿ ಸರ್. ವಾಸನಿ ನೋಡ್ರಿ ಬೇಕಾದ್ರ.’ ಸೀದುಹೋದ ಒಗ್ಗರಣೆಯ ವಾಸನೆ. ಗಾಡಿ ಓಡಿದ್ದು ತೊಂಬತ್ತು ಸಾವಿರ ಕಿಲೋಮೀಟರ್. ಕೊಳ್ಳುವಾಗ ‘ಇದು ಲೈಫ್‌ಟೈಮ್ ಆಯಿಲ್, ಬದಲಿಸುವ ಗೋಜೇ ಇಲ್ಲ’ ಎಂದು ಹೇಳಿದ್ದನ್ನು ಗೆಳೆಯರು ನಂಬಿದ್ದರು.

ಆ ಮಾತು ಎಲ್ಲಿಂದ ಬಂತು, ಎಷ್ಟು ನಿಜ ಎಂದು ತಿಳಿಯಬೇಕಾದರೆ ಈ ಎಣ್ಣೆ ನಡೆದುಬಂದ ದಾರಿಯನ್ನು ನೋಡಬೇಕು.

ಶಕ್ತಿನಗರದವರಿಗೆ ಇದರ ಮೂಲತತ್ವ ಹೊಸದಲ್ಲ. ಕೃಷ್ಣೆಯ ದಂಡೆಯ ಶಾಖೋತ್ಪನ್ನ ಕೇಂದ್ರದಲ್ಲಿ ಮೊದಲ ಘಟಕ ಶುರುವಾದದ್ದು 1985ರಲ್ಲಿ. ಈಗ ಎಂಟು ಘಟಕ, ಒಟ್ಟು 1720 ಮೆಗಾವ್ಯಾಟ್. ಅವುಗಳಲ್ಲಿ ಏಳು 210 ಮೆಗಾವ್ಯಾಟಿನವು. ಇಂಥ ಘಟಕಗಳಲ್ಲಿ ಬಾಯ್ಲರಿಗೆ ನೀರು ತಳ್ಳುವ ಫೀಡ್ ಪಂಪಿಗೂ ಅದರ ಮೋಟರಿಗೂ ನಡುವೆ ಸಾಮಾನ್ಯವಾಗಿ ಒಂದು ಹೈಡ್ರಾಲಿಕ್ ಕಪ್ಲಿಂಗ್ ಇರುತ್ತದೆ. ಅಲ್ಲಿ ಹಲ್ಲಿಗೆ ಹಲ್ಲು ಕೂಡುವುದಿಲ್ಲ. ರೆಕ್ಕೆಗಳಿರುವ ಒಂದು ಚಕ್ರ ಎಣ್ಣೆಯನ್ನು ಎರಚುತ್ತದೆ, ಎದುರಿನ ಚಕ್ರ ಆ ರಭಸಕ್ಕೆ ತಿರುಗುತ್ತದೆ. ಶಕ್ತಿ ದಾಟುವುದು ಎಣ್ಣೆಯ ಮೂಲಕ. ಆಟೋಮ್ಯಾಟಿಕ್ ಕಾರಿನ ಟಾರ್ಕ್ ಕನ್ವರ್ಟರ್ ಇದರದೇ ಒಡಹುಟ್ಟು. ಎರಡಕ್ಕೂ ತಂದೆ ಜರ್ಮನಿಯ ಹರ್ಮನ್ ಫೊಟಿಂಗರ್. ಹಡಗು ಕಟ್ಟೆಯ ಎಂಜಿನಿಯರಾಗಿದ್ದ ಅವರು, ಬಿರುಸಾಗಿ ತಿರುಗುವ ಸ್ಟೀಮ್ ಟರ್ಬೈನನ್ನು ನಿಧಾನ ತಿರುಗುವ ಪ್ರೊಪೆಲ್ಲರಿಗೆ ಜೋಡಿಸಲು ದಾರಿ ಹುಡುಕುತ್ತ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು.

ಪೂರ್ತಿ ಆಟೋಮ್ಯಾಟಿಕ್ ಗೇರ್‌ಬಾಕ್ಸಾಗಿ ಕಾರಿಗೆ ಬಂದದ್ದು 1939ರಲ್ಲಿ, ಅಮೆರಿಕದ ಜನರಲ್ ಮೋಟರ್ಸ್‌ನ ಹೈಡ್ರಾ-ಮ್ಯಾಟಿಕ್ ರೂಪದಲ್ಲಿ. ಎರಡನೇ ಮಹಾಯುದ್ಧದಲ್ಲಿ ಅದೇ ಗೇರ್‌ಬಾಕ್ಸ್ ಎಂ5 ಸ್ಟುವರ್ಟ್ ಟ್ಯಾಂಕನ್ನೂ ಓಡಿಸಿತು. 1949ರಲ್ಲಿ ಆ ಕಂಪನಿ ಇದರ ಎಣ್ಣೆಗೆ ‘ಟೈಪ್ ಎ’ ಎಂಬ ಸ್ಪೆಸಿಫಿಕೇಶನ್ ಹೊರಡಿಸಿತು. ಯಾವ ಎಣ್ಣೆ ಕಂಪನಿಯಾದರೂ ತಯಾರಿಸಬಹುದು, ಆದರೆ ಪರೀಕ್ಷೆಯಲ್ಲಿ ಪಾಸಾಗಿ ನಂಬರ್ ಪಡೆಯಬೇಕು. ಇದು ಎಂಜಿನ್ ಆಯಿಲ್ ಅಲ್ಲವೆಂದು ಗುರುತಾಗಲಿ, ಸೋರಿದರೆ ಕಣ್ಣಿಗೆ ಬೀಳಲಿ ಎಂದು ಕೆಂಪು ಬಣ್ಣ ಬೆರೆಸಿದರು. ಬಣ್ಣದ ಕೆಲಸ ಅಷ್ಟೇ.

1957ರಲ್ಲಿ ಸುಧಾರಿಸಿದ ‘ಟೈಪ್ ಎ ಸಫಿಕ್ಸ್ ಎ’ ಬಂತು. ಆ ದರ್ಜೆಯ ಎಣ್ಣೆ ನಮ್ಮಲ್ಲಿ ಇಂದಿಗೂ ಮಾರಾಟವಾಗುತ್ತದೆ. ಇಂಡಿಯನ್ ಆಯಿಲ್‌ನ ‘ಸರ್ವೋ ಟ್ರಾನ್ಸ್‌ಫ್ಲುಯಿಡ್ ಎ’ ಆ ಸಾಲಿನದೇ. ಲಾರಿ, ಟಿಪ್ಪರ್‌ಗಳ ಪವರ್ ಸ್ಟೀರಿಂಗಿಗೆ ಅದನ್ನು ಹಾಕುತ್ತಾರೆ, ಆ ಕೆಲಸಕ್ಕೆ ಅದು ಸರಿಯಾದ ಎಣ್ಣೆಯೇ. ಹಾಗಾಗಿ ರಾಯಚೂರು, ಮಾನ್ವಿ, ದೇವದುರ್ಗದ ಅಂಗಡಿಗಳಲ್ಲಿ ‘ಕೆಂಪು ಆಯಿಲ್’ ಎಂದರೆ ಪವರ್ ಸ್ಟೀರಿಂಗ್ ಆಯಿಲ್ ಎಂದೇ ಅರ್ಥ. ನನ್ನ ಮೊದಲ ಆಟೋಮ್ಯಾಟಿಕ್ ಗಾಡಿಗೆ ಒಂದು ಗ್ಯಾರೇಜಿನಲ್ಲಿ ಎರಡು ಲೀಟರ್ ಕಡಿಮೆ ಬಿದ್ದಾಗ ಇದೇ ಎಣ್ಣೆ ತಂದು ತುಂಬಿದರು. ‘ಎರಡೂ ಕೆಂಪೇ ಅಲ್ಲೇನ್ರಿ’ ಅಂದರು, ನಾನೂ ತಲೆಯಾಡಿಸಿದೆ. ತಿಂಗಳೊಳಗೆ ಗೇರ್ ಬದಲಾಗುವಾಗಲೆಲ್ಲ ಗಾಡಿ ಮಲೇರಿಯಾ ಜ್ವರದವರಂತೆ ನಡುಗತೊಡಗಿತು.

ನಡುಕ ಯಾಕೆ? ಆಟೋಮ್ಯಾಟಿಕ್ ಗೇರ್‌ಬಾಕ್ಸಿನೊಳಗೆ ಕಾಗದದಂಥ ವಸ್ತು ಹೊದಿಸಿದ ಕ್ಲಚ್ ಪ್ಲೇಟುಗಳು ಎಣ್ಣೆಯಲ್ಲೇ ಮುಳುಗಿರುತ್ತವೆ. ಗೇರ್ ಬದಲಾಗುವಾಗ ಅವು ಒಂದು ಕ್ಷಣ ಜಾರಬೇಕು, ಮರುಕ್ಷಣ ಕಚ್ಚಿ ಹಿಡಿಯಬೇಕು. ಎಷ್ಟು ಜಾರಬೇಕು, ಯಾವಾಗ ಹಿಡಿಯಬೇಕು ಎಂಬುದನ್ನು ತೀರ್ಮಾನಿಸುವುದು ಎಣ್ಣೆಯಲ್ಲಿ ಬೆರೆತ ರಾಸಾಯನಿಕ. ಮಾನ್ವಿಯ ಭತ್ತದ ರೈತರಿಗೆ ಇದು ಗೊತ್ತಿರುವ ವಿಷಯವೇ. ಆಯಿಲ್ ಬ್ರೇಕಿನ ಟ್ರ್ಯಾಕ್ಟರಿಗೆ ಹೇಳಿದ ಎಣ್ಣೆ ಬಿಟ್ಟು ಸಾದಾ ಗೇರ್ ಆಯಿಲ್ ಹಾಕಿದರೆ ಬ್ರೇಕ್ ಕಿರುಗುಟ್ಟುತ್ತದೆ. ಕಾರಿನ ಎಂಜಿನ್ ಆಯಿಲನ್ನು ಬೈಕಿಗೆ ಹಾಕಿದರೆ ಕ್ಲಚ್ ಜಾರುವುದೂ ಇದೇ ಕಾರಣಕ್ಕೆ. ಈ ಎಣ್ಣೆ ಬರೀ ಸವೆತ ತಡೆಯುವ ವಸ್ತುವಲ್ಲ, ಗೇರ್‌ಬಾಕ್ಸಿನ ಒಂದು ಬಿಡಿಭಾಗ.

1960ರ ದಶಕದ ದೊಡ್ಡ ಜಗಳವೂ ಈ ವಿಷಯಕ್ಕೇ. ಫೋರ್ಡ್‌ನವರು ಗಟ್ಟಿಯಾಗಿ ಹಿಡಿಯುವ ‘ಟೈಪ್ ಎಫ್’ ಎಣ್ಣೆ ತಂದರು. ಜನರಲ್ ಮೋಟರ್ಸ್ ನಯವಾಗಿ ಜಾರಿಸುವ ‘ಡೆಕ್ಸ್ರಾನ್’ ತಂದಿತು. ಒಂದರ ಗಾಡಿಗೆ ಇನ್ನೊಂದರ ಎಣ್ಣೆ ಹೊಂದುವುದಿಲ್ಲ ಎಂಬ ಪಾಠ ಅಲ್ಲಿಂದ ಶುರು. ಆ ಡೆಕ್ಸ್ರಾನಿನ ನಯಕ್ಕೆ ಕಾರಣ ಸ್ಪರ್ಮ್ ತಿಮಿಂಗಿಲದ ಎಣ್ಣೆ. ಕಾದರೂ ಬೇಗ ಕೆಡದ, ಲೋಹಕ್ಕೆ ಅಂಟಿ ನಿಲ್ಲುವ ಗುಣ ಅದಕ್ಕಿತ್ತು. ಒಂದು ಗೇರ್ ನಯವಾಗಿ ಬೀಳಲೆಂದು ಸಮುದ್ರದ ಅಷ್ಟು ದೊಡ್ಡ ಜೀವವನ್ನು ಕೊಲ್ಲುತ್ತಿದ್ದರು ಎಂಬುದನ್ನು ಮೊದಲ ಸಲ ಓದಿದ ದಿನ ನನಗೆ ಊಟ ಸೇರಲಿಲ್ಲ. 1970ರಲ್ಲಿ ಅಮೆರಿಕ ಈ ತಿಮಿಂಗಿಲವನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿತು, ಅಲ್ಲಿ ಅದರ ಎಣ್ಣೆಯ ವ್ಯಾಪಾರ ನಿಂತಿತು. ಬದಲಿ ರಾಸಾಯನಿಕದೊಂದಿಗೆ ಬಂದ ಡೆಕ್ಸ್ರಾನ್ 2, ಎಣ್ಣೆ ತಂಪಾಗಿಸುವ ಕೂಲರಿನ ಬೆಸುಗೆಯನ್ನೇ ತಿಂದುಹಾಕಿತು. ಮತ್ತೆ ತಿದ್ದಿದರು. ಮರುಭೂಮಿಯ ಹೊಹೊಬಾ ಗಿಡದ ಬೀಜದಲ್ಲಿ ತಿಮಿಂಗಿಲದ ಎಣ್ಣೆಯನ್ನೇ ಹೋಲುವ ದ್ರವವಿದೆ ಎಂದು ಜಗತ್ತು ಅದರ ಬೆನ್ನುಹತ್ತಿದ್ದು ಆಗಲೇ.

ಪೆಟ್ರೋಲ್ ದುಬಾರಿಯಾದ ಮೇಲೆ ಹಾದಿ ಬೇರೆ ಕಡೆ ತಿರುಗಿತು. ಟಾರ್ಕ್ ಕನ್ವರ್ಟರ್ ಜಾರುವುದರಿಂದ ಶಕ್ತಿ ಪೋಲಾಗುತ್ತದೆಂದು ವೇಗ ಹಿಡಿದಾಗ ಅದನ್ನು ಬಿಗಿಯುವ ಲಾಕ್-ಅಪ್ ಕ್ಲಚ್ ಬಂತು. ಆಮೇಲೆ ಕಂಪ್ಯೂಟರ್ ಬಂದು ಆ ಕ್ಲಚ್ಚನ್ನು ಅರ್ಧ ಜಾರಿಸುತ್ತಲೇ ಓಡಿಸತೊಡಗಿತು. ಎಣ್ಣೆ ಹಳತಾದರೆ ಅಲ್ಲೇ ನಡುಕ. ಅದಕ್ಕಾಗಿ 1993ರ ಹೊತ್ತಿಗೆ ಡೆಕ್ಸ್ರಾನ್ 3, 2005ರಲ್ಲಿ ಡೆಕ್ಸ್ರಾನ್ 6. ಟೊಯೊಟಾದ ಡಬ್ಲ್ಯೂಎಸ್, ಹುಂಡೈನ ಎಸ್‌ಪಿ-4, ಹೋಂಡಾದ ಡಿಡಬ್ಲ್ಯೂ-1 ಎಂದು ಒಬ್ಬೊಬ್ಬರದೂ ಒಂದೊಂದು ಹೆಸರು. ಎಣ್ಣೆ ವರ್ಷವರ್ಷಕ್ಕೂ ತೆಳುವಾಯಿತು. 100 ಡಿಗ್ರಿಯಲ್ಲಿ ಡೆಕ್ಸ್ರಾನ್ 3ರ ಸ್ನಿಗ್ಧತೆ ಸುಮಾರು 7.5 ಸೆಂಟಿಸ್ಟೋಕ್ಸ್ ಇದ್ದರೆ ಡೆಕ್ಸ್ರಾನ್ 6ರದು ಸುಮಾರು 6. ತೆಳು ಎಣ್ಣೆಯಿಂದ ಮೈಲೇಜು ಹೆಚ್ಚುತ್ತದೆ. ಜೊತೆಗೆ ಸಿಂಥೆಟಿಕ್ ಬೇಸ್ ಆಯಿಲ್ ಬಂದು ಬಾಳಿಕೆಯೂ ಹೆಚ್ಚಿತು. ‘ಲೈಫ್‌ಟೈಮ್’ ಎಂಬ ಮಾತು ಹುಟ್ಟಿದ್ದು ಇಲ್ಲಿ.

ನಮ್ಮ ಕಡೆ ಗೇರಿಲ್ಲದ ಗಾಡಿ ಎಂದರೆ ಬಹಳ ಕಾಲ ಸ್ಕೂಟರ್ ಮಾತ್ರ. 1984ರಲ್ಲಿ ಕೈನೆಟಿಕ್ ಹೋಂಡಾ, ಆಮೇಲೆ ಆಕ್ಟಿವಾ. ಬೆಂಗಳೂರಿನಲ್ಲಿ 2006ರಲ್ಲಿ ಬಿಎಂಟಿಸಿ ವೋಲ್ವೊ ಬಸ್ಸು ಇಳಿಸಿದಾಗ, ಡ್ರೈವರ್ ಗೇರೇ ಹಾಕದೆ ಓಡಿಸುವುದನ್ನು ನಮ್ಮೂರಿನಿಂದ ಹೋದವರು ಮುಂದಿನ ಸೀಟಿಗೆ ಬಂದು ನೋಡುತ್ತಿದ್ದರು. ಜನಸಾಮಾನ್ಯರ ಕಾರಿಗೆ ಬಂದದ್ದು 2014ರಲ್ಲಿ, ಮಾರುತಿ ಸೆಲೆರಿಯೊದ ಎಎಂಟಿಯಿಂದ.

ಗೊಂದಲ ಹೆಚ್ಚಿದ್ದೂ ಆಗಲೇ. ‘ಆಟೋಮ್ಯಾಟಿಕ್’ ಎಂಬ ಒಂದೇ ಹೆಸರಿನ ಕೆಳಗೆ ಈಗ ನಾಲ್ಕು ಬಗೆಯ ಯಂತ್ರಗಳಿವೆ. ಎಎಂಟಿ ಎಂದರೆ ಹಳೆಯ ಮ್ಯಾನುಯಲ್ ಗೇರ್‌ಬಾಕ್ಸೇ, ಕ್ಲಚ್ ತುಳಿಯುವ, ಗೇರ್ ಬದಲಿಸುವ ಕೆಲಸವನ್ನು ಯಂತ್ರ ಮಾಡುತ್ತದೆ, ಅಷ್ಟೇ. ಅದಕ್ಕೆ ಮ್ಯಾನುಯಲ್ ಗೇರ್ ಆಯಿಲೇ ಬೇಕು. ಸಿವಿಟಿಯಲ್ಲಿ ಉಕ್ಕಿನ ಬೆಲ್ಟ್ ಉಕ್ಕಿನ ಗಾಲಿಯನ್ನು ಜಾರದಂತೆ ಹಿಡಿಯಬೇಕು, ಅದರ ಎಣ್ಣೆಯ ಗುಣವೇ ಬೇರೆ. ಅಲ್ಲಿ ಮಾಮೂಲಿ ಎಟಿಎಫ್ (ಆಟೋಮ್ಯಾಟಿಕ್ ಟ್ರಾನ್ಸ್‌ಮಿಷನ್ ಫ್ಲುಯಿಡ್) ಹಾಕಿದರೆ ಬೆಲ್ಟೂ ಗಾಲಿಯೂ ಗೀರುಬಿದ್ದು ಹಾಳು. ಎರಡು ಕ್ಲಚ್ಚಿನ ಡಿಸಿಟಿಯಲ್ಲಿ ಒಣ ಕ್ಲಚ್ಚಿನದಕ್ಕೊಂದು, ಎಣ್ಣೆಯಲ್ಲಿ ಮುಳುಗಿದ್ದಕ್ಕೊಂದು. ಟಾರ್ಕ್ ಕನ್ವರ್ಟರ್ ಇರುವುದಕ್ಕೆ ಮಾತ್ರ ನಾವು ಈತನಕ ಹೇಳಿದ ಎಟಿಎಫ್. ಅದರಲ್ಲೂ ಬಣ್ಣ ನಂಬಬೇಡಿ, ಜೆಡ್‌ಎಫ್ ಕಂಪನಿಯ ಎಂಟು ಗೇರಿನ ಪೆಟ್ಟಿಗೆಯ ಎಣ್ಣೆ ಹಸಿರು. ಗಾಡಿಯ ಪುಸ್ತಕದಲ್ಲಿ ಬರೆದ ಹೆಸರನ್ನು ಡಬ್ಬಿಯ ಮೇಲಿನ ಅಕ್ಷರದೊಂದಿಗೆ ಒಂದೊಂದಾಗಿ ಕೂಡಿಸಿ ನೋಡಿ. ‘ಎಲ್ಲ ಗಾಡಿಗೂ ಆಗುತ್ತದೆ’ ಎಂಬ ಡಬ್ಬಿಯನ್ನು ನಾನಂತೂ ಮುಟ್ಟುವುದಿಲ್ಲ.

ಇನ್ನು ಬದಲಿಸುವ ಮಾತು. ಲೈಫ್‌ಟೈಮ್ ಎಂದು ಕಾರು ಕಂಪನಿಗಳು ಹೇಳಿದರೂ ಗೇರ್‌ಬಾಕ್ಸ್ ತಯಾರಿಸುವ ಜೆಡ್‌ಎಫ್, 80,000ದಿಂದ 1,20,000 ಕಿಲೋಮೀಟರಿಗೆ ಇಲ್ಲವೆ 8 ವರ್ಷಕ್ಕೆ ಬದಲಿಸಿ ಎಂದೇ ಸಲಹೆ ಕೊಡುತ್ತದೆ. ಅನೇಕ ಗಾಡಿಗಳ ಪುಸ್ತಕದ ಕೊನೆಯಲ್ಲಿ ‘ಕಠಿಣ ಬಳಕೆ’ ಎಂಬ ಬೇರೆ ಪಟ್ಟಿ ಇರುತ್ತದೆ. ಬಿಸಿಲು, ಧೂಳು, ಭಾರ, ನಿಂತು ನಿಂತು ಸಾಗುವ ದಾರಿ ಎಲ್ಲ ಅದರಲ್ಲಿವೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಜಿಲ್ಲೆ, ಹಾರುಬೂದಿಯ ಬಲ್ಕರ್‌ಗಳ ಹಿಂದೆ ತೆವಳುತ್ತ ಕೃಷ್ಣೆಯ ಸೇತುವೆ ದಾಟುವುದು, ಎಸಿ ಹಾಕಿಕೊಂಡು ರೈಲ್ವೆ ಗೇಟಿನಲ್ಲಿ ಕಾಯುವುದು ಎಲ್ಲವೂ ಅದೇ ಪಟ್ಟಿಗೆ ಸೇರುತ್ತವೆ. ಎಣ್ಣೆಯ ಬಿಸಿ 10 ಡಿಗ್ರಿ ಏರಿದರೆ ಅದು ಕೆಡುವ ವೇಗ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ ಎಂಬುದು ರಸಾಯನಶಾಸ್ತ್ರದ ಹಳೆಯ ಅಂದಾಜು. ನಮ್ಮ ಕಡೆ 60,000 ಕಿಲೋಮೀಟರಿಗೊಮ್ಮೆ ಬದಲಿಸುವುದು ದುಂದಲ್ಲ ಎಂಬುದು ನನ್ನ ಅಭಿಪ್ರಾಯ.

ಬೋಲ್ಟ್ ಬಿಚ್ಚಿದರೆ ಇಳಿಯುವುದು ಒಟ್ಟು ಎಣ್ಣೆಯ ಮೂರನೇ ಒಂದರಿಂದ ಅರ್ಧದಷ್ಟು ಮಾತ್ರ. ಉಳಿದದ್ದು ಹೆಚ್ಚಾಗಿ ಟಾರ್ಕ್ ಕನ್ವರ್ಟರಿನ ಹೊಟ್ಟೆಯಲ್ಲೇ ಇರುತ್ತದೆ. ಹಾಗಾಗಿ ಇಳಿಸಿ, ತುಂಬಿ, ಕೆಲವು ನೂರು ಕಿಲೋಮೀಟರ್ ಓಡಿಸಿ, ಮತ್ತೆ ಇಳಿಸಿ ತುಂಬುವುದು ಹಳೆಯ ಗಾಡಿಗೆ ಒಳ್ಳೆಯ ದಾರಿ. ಚೇಂಬರ್ ಬಿಚ್ಚಿದರೆ ಒಳಗಿನ ಅಯಸ್ಕಾಂತ ನೋಡಿ. ಸುರುಮದಂಥ ನುಣ್ಣನೆಯ ಕಪ್ಪುಪುಡಿ ಸಹಜ. ಚೂಪಾದ ಲೋಹದ ಚೂರು ಕಂಡರೆ ಎಣ್ಣೆ ಬದಲಿಸಿ ಪ್ರಯೋಜನವಿಲ್ಲ, ಗೇರ್‌ಬಾಕ್ಸನ್ನೇ ಬಿಚ್ಚಬೇಕು. ಇಳಿದ ಎಣ್ಣೆಯನ್ನು ಅಳೆದು ಅಷ್ಟೇ ತುಂಬುವುದು ಮೊದಲ ಹೆಜ್ಜೆ, ಮಟ್ಟ ನೋಡುವುದು ಕೊನೆಯದು.

ಆ ಮಧ್ಯಾಹ್ನ ನಾವು ಸಿಕ್ಕಿಬಿದ್ದದ್ದು ಈ ಕೊನೆಯ ಹೆಜ್ಜೆಯಲ್ಲೇ. ಈಗಿನ ಬಹುಪಾಲು ಗೇರ್‌ಬಾಕ್ಸಿಗೆ ಡಿಪ್ ಸ್ಟಿಕ್ ಇಲ್ಲ. ಎಂಜಿನ್ ಓಡುತ್ತಿರುವಾಗ, ಎಣ್ಣೆ 40 ಡಿಗ್ರಿಯ ಆಸುಪಾಸಿನಲ್ಲಿದ್ದಾಗ, ಒಂದು ಸಣ್ಣ ಬೋಲ್ಟ್ ತೆಗೆದು ಸಣ್ಣ ಧಾರೆ ಹನಿಹನಿಯಾಗುವುದನ್ನು ಕಾಯಬೇಕು. ಮೇ ತಿಂಗಳ ರಾಯಚೂರಿನಲ್ಲಿ ಬಿಸಿಲಲ್ಲಿ ನಿಂತ ಗಾಡಿಯ ಎಣ್ಣೆ ಎಂಜಿನ್ ಶುರುಮಾಡುವ ಮೊದಲೇ ಅಷ್ಟು ಕಾದಿರುತ್ತದೆ. ಓಡಿಸಿ ನೋಡುವ ಹೊತ್ತಿಗೆ 60 ಡಿಗ್ರಿ. ಕಾದ ಎಣ್ಣೆ ಹಿಗ್ಗಿ ಹೆಚ್ಚು ಹೊರಚೆಲ್ಲುತ್ತದೆ, ಒಳಗೆ ಕಡಿಮೆ ಬೀಳುತ್ತದೆ. ಮೆಕ್ಯಾನಿಕ್ ಜಾಣ, ಸ್ಕ್ಯಾನರ್ ಹಚ್ಚಿ ಡಿಗ್ರಿ ನೋಡಿದ, ತಲೆ ಅಲ್ಲಾಡಿಸಿದ. ‘ಗಾಡಿ ಇಲ್ಲೇ ಬಿಟ್ಟು ಹೋಗ್ರಿ ಸರ್. ನಸುಕಿನ್ಯಾಗ ಐದಕ್ಕ ಲೆವೆಲ್ ನೋಡ್ತೀನಿ.’

ನಿಮ್ಮ ಗಾಡಿಯದು ಬದಲಿಸುವುದಿದ್ದರೆ ಯುಗಾದಿಗೆ ಮುಂಚೆಯೇ ಮುಗಿಸಿಕೊಳ್ಳಿ, ಬೆಳಗಿನ ತಂಪಿನಲ್ಲಿ ಮಾಡಿಸಿ, ಎಣ್ಣೆಯ ಖಾಲಿ ಡಬ್ಬಿಯನ್ನು ಬಿಲ್ಲಿನ ಜೊತೆ ಮನೆಗೆ ತನ್ನಿ.