ಬದು ದಾಟಿದ ಬೇಟೆನಾಯಿ: ವಿಜಯಪುರ ಸೀಮೆಯ ಒಂದು ಹಳೆಯ ತಂಟೆಯ ಚರಿತ್ರೆ

1871ರ ದನಗಳ ಅತಿಕ್ರಮಣ ಕಾಯ್ದೆಯ ಪಟ್ಟಿಯಲ್ಲಿ ಆನೆ, ಒಂಟೆ, ಕುದುರೆ, ಕತ್ತೆ, ಹಂದಿ, ಕುರಿ, ಆಡು ಎಲ್ಲವೂ ಇವೆ. ನಾಯಿ ಇಲ್ಲ. ಹೊಲಕ್ಕೆ ನುಗ್ಗಿದ ಎಮ್ಮೆಯನ್ನು ರೈತ ಕೊಂಡವಾಡಕ್ಕೆ ಹೊಡೆದುಕೊಂಡು ಹೋದರೆ ಅದರ ಒಡೆಯ ದಂಡ ಕಟ್ಟಿ ಬಿಡಿಸಿಕೊಳ್ಳಬೇಕಿತ್ತು. ಮೊಲದ ಬೆನ್ನುಹತ್ತಿ ಬಿಳಿಜೋಳದ ಹೊಲ ಸೀಳಿಕೊಂಡು ಹೋದ ನಾಯಿಗೆ ಯಾವ ಕೊಂಡವಾಡವೂ ಇರಲಿಲ್ಲ. ವಿಜಯಪುರ, ತಿಕೋಟಾ, ಬಬಲೇಶ್ವರ ಸೀಮೆಯಲ್ಲಿ ಬೇಟೆನಾಯಿ ಸಾಕಿದವರಿಗೂ ಹೊಲದವರಿಗೂ ನಡುವಿನ ತಂಟೆ ಬೆಳೆದದ್ದು ಈ ಸಂದಿಯಲ್ಲಿ.

ಹಾಗೆಂದು ಇದನ್ನು ಬರೀ ಕಾನೂನಿನ ಕೊರತೆ ಎಂದು ಮುಗಿಸಲಾಗದು. ಜಗಳದ ನಿಜವಾದ ಬೇರು ಹೊಲ ಖಾಲಿ ಬೀಳುವ ಕಾಲ ಇಲ್ಲವಾದುದರಲ್ಲಿದೆ ಎಂಬುದು ಈ ಲೇಖನದ ವಾದ.

ಹಳೆಯ ದಾಖಲೆಗಳು ಬೇಟೆನಾಯಿಯನ್ನು ಗೌರವದಿಂದಲೇ ಕಾಣುತ್ತವೆ. ಈ ಸೀಮೆಯನ್ನೂ ಆಳಿದ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ನಾಯಿಗಳ ವಿನೋದಕ್ಕೆಂದೇ ಒಂದು ಭಾಗ ಮೀಸಲಿಟ್ಟ. ಅದಕ್ಕೂ ಹಿಂದಿನದು, ಮಂಡ್ಯ ಜಿಲ್ಲೆಯ ಆತಕೂರಿನ 10ನೆಯ ಶತಮಾನದ ಶಾಸನ. ಗಂಗರ ದೊರೆ ಬೂತುಗನಿಂದ ಅವನ ಬಂಟ ಮಣಲೆರ ಕೇಳಿ ಪಡೆದ ‘ಕಾಳಿ’ ಎಂಬ ನಾಯಿ ಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನೆಟ್ಟು, ಕೆರೆಯ ಕೆಳಗಿನ ಎರಡು ಖಂಡುಗದ ಭೂಮಿ ಬಿಟ್ಟರು. ಆ ಭೂಮಿಯನ್ನು ಕೆಡಿಸಿದವನಿಗೆ ನಾಯಿ ಮಾಡಿದ ಪಾಪವೆಲ್ಲ ತಟ್ಟಲಿ ಎಂಬ ಶಾಪವೂ ಶಾಸನದಲ್ಲಿದೆ; ಅದು ಒಕ್ಕಲನ್ನೂ ಬಿಡುವುದಿಲ್ಲ. ಬೇಟೆನಾಯಿ ಮತ್ತು ಭೂಮಿಯನ್ನು ಒಂದೇ ಕಲ್ಲಿನಲ್ಲಿ ಕಟ್ಟಿಹಾಕಿದ ಇಂಥ ದಾಖಲೆ ಅಪರೂಪ. ಆದರೆ ಇದು ಒಡೆಯರ ದೃಷ್ಟಿ. ಬೇಟೆಯ ದಾರಿಯಲ್ಲಿ ಯಾರ ಹೊಲ ತುಳಿದುಹೋಯಿತು ಎಂದು ಯಾವ ಶಾಸನವೂ ಹೇಳುವುದಿಲ್ಲ.

ವಿಜಯಪುರ ಸೀಮೆಯ ಎರೆಹೊಲದ ಲೆಕ್ಕ ಬೇರೆ. ಹಿಂಗಾರಿ ಬಿಳಿಜೋಳವನ್ನು ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬಿತ್ತಿ ಫೆಬ್ರುವರಿ, ಮಾರ್ಚಿನಲ್ಲಿ ಕೊಯ್ದರೆ ಮುಂದೆ ತಿಂಗಳುಗಟ್ಟಲೆ ನೆಲ ಬರಿದು. ಡೋಣಿ ನದಿಯ ದಂಡೆಯಲ್ಲಿ ಕಣ್ಣು ಹಾಯುವಷ್ಟು ದೂರ ಮರೆಯಿಲ್ಲ. ಕಣ್ಣಿನಿಂದ ಗುರುತಿಸಿ ಓಡಿ ಹಿಡಿಯುವ ನೀಳಕಾಲಿನ, ಬಡನಡುವಿನ ನಾಯಿ ಬೆಳೆದದ್ದು ಇಂಥ ಬಯಲಿಗಾಗಿಯೇ. ಮುಧೋಳ ನಾಯಿ ಎಂದು ಹೆಸರಾದ ತಳಿ ಕಾಡಿನದಲ್ಲ, ಬಯಲಿನದು. ಕೊಯ್ಲಾದ ಹೊಲದಲ್ಲಿ ಅದು ಓಡಿದರೆ ಯಾರಿಗೂ ನಷ್ಟವಿರಲಿಲ್ಲ. ಹಂದಿ ಕಾಟವಿದ್ದಲ್ಲಿ ನಾಯಿಯವರನ್ನು ರೈತರೇ ಕರೆಸುತ್ತಿದ್ದರು. 1912ರ ಕಾಡುಹಕ್ಕಿ, ಕಾಡುಪ್ರಾಣಿಗಳ ರಕ್ಷಣಾ ಕಾಯ್ದೆ ಮೊಲವನ್ನೂ ಪಟ್ಟಿಗೆ ಸೇರಿಸಿ, ಬೇಟೆಗೆ ನಿಷೇಧದ ಕಾಲ ಗೊತ್ತುಮಾಡುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. ಆಸ್ತಿ ರಕ್ಷಣೆಗಾಗಿ ಪ್ರಾಮಾಣಿಕವಾಗಿ ಕೊಂದದ್ದಕ್ಕೆ ವಿನಾಯಿತಿಯನ್ನೂ ಇಟ್ಟಿತು. ತಂಟೆ ಬಂದರೆ ಅದು ಬೆಳೆ ನಿಂತ ತಿಂಗಳುಗಳಲ್ಲಿ, ಇಲ್ಲವೇ ನಾಯಿ ಕುರಿಹಟ್ಟಿಗೆ ಬಾಯಿ ಹಾಕಿದಾಗ. ಪಂಚರು ಕೂತು ದಂಡ ಹಾಕಿದರೆ ಮುಗಿಯುತ್ತಿತ್ತು.

ಈ ಹೊಂದಾಣಿಕೆಯನ್ನು ಮೊದಲು ಅಲುಗಿಸಿದ್ದು ವಸಾಹತು ಆಡಳಿತ. 1857ರಲ್ಲಿ ಆಯುಧ ಕಸಿಯುವ ಆಜ್ಞೆ ಬಂದಾಗ ಕೃಷ್ಣೆಯಾಚೆಯ, ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ದಂಗೆ ಎದ್ದು ಗಲ್ಲಿಗೇರಿದ್ದನ್ನು ಲಾವಣಿಗಳು ಇಂದಿಗೂ ಹೇಳುತ್ತವೆ. ಕೋವಿಗೆ ಪರವಾನಗಿ ಬೇಕಾಯಿತು, ನಾಯಿಗೆ ಬೇಕಾಗಲಿಲ್ಲ. ನಿಶ್ಶಸ್ತ್ರರಾದ ಬೇಟೆಗಾರರ ಬದುಕಿನಲ್ಲಿ ನಾಯಿಯ ಬೆಲೆ ಆಮೇಲೆ ಹೆಚ್ಚಿತೆಂದು ಊಹಿಸಲು ಅಡ್ಡಿಯಿಲ್ಲ. ನಾಯಿಯನ್ನು ಒಂದು ಪಟ್ಟಿಯಿಂದ ಬಿಟ್ಟ 1871ರಲ್ಲೇ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಜನರನ್ನೇ ಪಟ್ಟಿಗೆ ಸೇರಿಸತೊಡಗಿತು. 1911ರ ಕಾಯ್ದೆಯಿಂದ ಆ ವ್ಯವಸ್ಥೆ ಮುಂಬಯಿ ಪ್ರಾಂತಕ್ಕೂ ಬಿಗಿಯಾಗಿ ಬಂತು. ಸ್ಟಾರ್ಟ್ ಎಂಬ ಅಧಿಕಾರಿಯ ಕೈಕೆಳಗೆ ಪಟ್ಟಿಗೆ ಸೇರಿದವರನ್ನು ಕೂಡಿಹಾಕುವ ಸೆಟ್ಲಮೆಂಟ್ ವಿಜಯಪುರದಲ್ಲಿ ನಡೆಯಿತು. ಹೀಗೆ ಪಟ್ಟಿಗೆ ಸೇರಿದವರಲ್ಲಿ ಬೇಟೆಯಿಂದಲೇ ಬದುಕುತ್ತಿದ್ದ ಹರಣಶಿಕಾರಿಗಳೂ ಇದ್ದರು. ಹಾಜರಿ ಕೊಟ್ಟು, ಪಾಸು ಪಡೆದು ಹೊರಬೀಳಬೇಕಾದ ಮನುಷ್ಯ ನಾಯಿಯೊಡನೆ ಇನ್ನೊಬ್ಬನ ಬದುವಿನ ಮೇಲೆ ಕಂಡರೆ ಅದು ಬರೀ ಬೆಳೆನಷ್ಟದ ಮಾತಾಗಿ ಉಳಿಯಲಿಲ್ಲ. ಆ ಕಾಯ್ದೆ 1952ರಲ್ಲಿ ದೇಶದಾದ್ಯಂತ ರದ್ದಾಯಿತು. ಶಂಕೆ ರದ್ದಾಗಲಿಲ್ಲ. ಆ ಕಾಯ್ದೆ ಜಾರಿಯಲ್ಲಿದ್ದ ಕಾಲದಲ್ಲೇ ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆಯವರ ಆಸರೆಯಲ್ಲಿ ಇದೇ ನಾಯಿ ರಾಜಮರ್ಯಾದೆ ಪಡೆಯಿತೆಂಬುದನ್ನೂ ಗಮನಿಸಬೇಕು.

2024ರವರೆಗೆ ಜಾರಿಯಲ್ಲಿದ್ದ ಭಾರತೀಯ ದಂಡಸಂಹಿತೆಯತ್ತ ನೋಡಿದರೆ ವಿಚಿತ್ರವೊಂದು ಕಾಣುತ್ತದೆ. 441ನೆಯ ಕಲಮಿನ ಅತಿಕ್ರಮ ಪ್ರವೇಶಕ್ಕೆ ಅಪರಾಧ ಎಸಗುವ, ಬೆದರಿಸುವ, ಅವಮಾನಿಸುವ ಅಥವಾ ಕಿರುಕುಳ ಕೊಡುವ ಉದ್ದೇಶ ಬೇಕಿತ್ತು. ನಾಯಿಗೆ ಉದ್ದೇಶ ಹೊರಿಸಲಾಗದು. ಒಡೆಯ ಬದುವಿನಾಚೆಯೇ ನಿಂತಿರುತ್ತಾನೆ. 289ನೆಯ ಕಲಮು ಪ್ರಾಣಿಯಿಂದ ಮನುಷ್ಯರಿಗಾಗುವ ಅಪಾಯದ ಮಾತಾಡುತ್ತಿತ್ತು, ಬೆಳೆಯದ್ದಲ್ಲ. ರೊಚ್ಚಿಗೆದ್ದ ರೈತ ನಾಯಿಗೆ ವಿಷವಿಟ್ಟರೆ ಮಾತ್ರ 428, 429ನೆಯ ಕಲಮುಗಳು ಸಿದ್ಧವಿದ್ದವು: ಹತ್ತು ರೂಪಾಯಿ ಬಾಳುವ ಪ್ರಾಣಿಗೆ 2 ವರ್ಷದವರೆಗೆ, ಐವತ್ತು ರೂಪಾಯಿಯದಕ್ಕೆ 5 ವರ್ಷದವರೆಗೆ ಶಿಕ್ಷೆ. ಅದರ ಬದಲಿಗೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯಸಂಹಿತೆಯ 325ನೆಯ ಕಲಮು ಆ ಬೆಲೆಯ ಮಿತಿಯನ್ನೂ ತೆಗೆದುಹಾಕಿದೆ. ಇಂಗ್ಲೆಂಡಿನಲ್ಲಿ ನಾಯಿಯ ಅತಿಕ್ರಮಕ್ಕೆ ಯಾರು ಹೊಣೆ ಎಂಬ ಪ್ರಶ್ನೆ 1985ರಲ್ಲಿ ನ್ಯಾಯಾಲಯಕ್ಕೆ ಬಂದಿತ್ತು. ನಾಯಿಗಳು ನುಗ್ಗಲೆಂದು ಬೇಟೆತಂಡದ ಮುಖಂಡ ಬಯಸಿದ್ದರೆ, ಅಥವಾ ತಡೆಯುವಲ್ಲಿ ಅಜಾಗ್ರತೆ ತೋರಿದ್ದರೆ ಅವನೇ ಹೊಣೆ ಎಂದು ಅಲ್ಲಿ ತೀರ್ಮಾನವಾಯಿತು. ನಮ್ಮ ಪಂಚರು ಕಾನೂನಿನ ಪುಸ್ತಕ ನೋಡದೆಯೂ ಸರಿಸುಮಾರು ಇದನ್ನೇ ಹೇಳುತ್ತಿದ್ದರು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಆಟದ ನೆಲವನ್ನೇ ಬದಲಿಸಿತು. ಮೊದಲಿಗೆ ಸಣ್ಣ ಬೇಟೆಗೆ ಪರವಾನಗಿಯ ದಾರಿ ಇತ್ತು; 1991ರ ತಿದ್ದುಪಡಿ ಅದನ್ನೂ ಮುಚ್ಚಿತು. ಈಗಿನ ವ್ಯಾಖ್ಯೆಯಂತೆ ನಾಯಿ ಬಿಟ್ಟು ಅಟ್ಟಿಸುವುದೂ, ಅದರ ಯತ್ನವೂ ಬೇಟೆಯೇ. ಮೊಲ ಸತ್ತಿರಬೇಕೆಂದಿಲ್ಲ. ಹೊಲ ರೈತನದಾದರೂ ಬೇಟೆಯಾದ ಮೊಲ 39ನೆಯ ಕಲಮಿನಂತೆ ಸರ್ಕಾರದ ಸ್ವತ್ತು. ಹೀಗಾಗಿ ಹೊಲದವನ ಕೈಗೆ ಹೊಸ ಅಸ್ತ್ರ ಬಂತು. ಬೆಳೆಗಾದ ನಷ್ಟಕ್ಕೆ ನ್ಯಾಯ ಸಿಗದಿದ್ದರೂ ಅರಣ್ಯ ಇಲಾಖೆಗೆ ಒಂದು ದೂರು ಕೊಡಬಹುದು. ಬದುವಿನ ಹಳೆಯ ಹಗೆ ವನ್ಯಜೀವಿ ಪ್ರಕರಣದ ವೇಷ ತೊಡಬಲ್ಲದು.

ಇಷ್ಟಾದರೂ ಬಯಲು ಬಯಲಾಗಿಯೇ ಉಳಿದಿದ್ದರೆ ಜಗಳ ಇಷ್ಟು ಬೆಳೆಯುತ್ತಿರಲಿಲ್ಲ. ಕೊಳವೆಬಾವಿ, ಮುಳವಾಡ ಏತ ನೀರಾವರಿ, ತುಬಚಿ–ಬಬಲೇಶ್ವರ ಏತ ನೀರಾವರಿ ಬಂದು ಎರೆಯ ಅಂಚಿನ ಮಡ್ಡಿಯೂ ತೋಟವಾಯಿತು. ರಾಜ್ಯದಲ್ಲಿ ಅತಿ ಹೆಚ್ಚು ದ್ರಾಕ್ಷಿ ಬೆಳೆಯುವ ಜಿಲ್ಲೆ ಇದು. ತಿಕೋಟಾ ಅದರ ಮುಂಚೂಣಿಯಲ್ಲಿದೆ. ಜೋಳದ ಹೊಲಕ್ಕಿದ್ದ ಬಿಡುವು ದ್ರಾಕ್ಷಿ ಪಡಕ್ಕಿಲ್ಲ. ಏಪ್ರಿಲಿನಲ್ಲಿ ಒಂದು ಚಾಟ್ನಿ (ಬಳ್ಳಿ ಸವರುವುದು), ಅಕ್ಟೋಬರಿನಲ್ಲಿ ಇನ್ನೊಂದು. ಬೇಸಿಗೆಯಲ್ಲಿ ಕೊಯ್ಲು, ಪಕ್ಕದ ಶೆಡ್ಡಿನಲ್ಲಿ ಒಣದ್ರಾಕ್ಷಿ. ಹನಿ ನೀರಾವರಿಯ ಪೈಪು, ಕಲ್ಲುಕಂಬ, ತಂತಿ, ಸುತ್ತ ಬೇಲಿ. ಜೋಳದವನು ನಕ್ಕು ಸುಮ್ಮನಾಗುತ್ತಿದ್ದ ಓಟವೇ ಸಾಲ ಮಾಡಿ ಪಡ ಕಟ್ಟಿದವನಿಗೆ ಸಾವಿರಾರು ರೂಪಾಯಿಯ ಹೊಡೆತ. ಅವನ ಸಿಟ್ಟನ್ನು ಜಮೀನ್ದಾರಿ ಸೊಕ್ಕೆಂದು ಕರೆಯುವುದು ಅನ್ಯಾಯ.

ಇತ್ತ ನಾಯಿಯ ಮಾನ ಏರಿದೆ. 2005ರಲ್ಲಿ ಅಂಚೆ ಇಲಾಖೆ ಮುಧೋಳ ನಾಯಿಯ ಚೀಟಿ ಹೊರಡಿಸಿತು. ಮುಧೋಳ ಬಳಿಯ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಮರಿಗಳು ಸೇನೆಯ ತರಬೇತಿಗೆ ಮೀರತ್‌ವರೆಗೆ ಹೋದವು. ಅದೇ ಮುಧೋಳ, ಬೀಳಗಿ ತಾಲ್ಲೂಕುಗಳ ಯಡಹಳ್ಳಿಯಲ್ಲಿ ಚಿಂಕಾರಕ್ಕೆ ಅಭಯಾರಣ್ಯವೂ ಆಯಿತು. ಓಡಲೆಂದೇ ಹುಟ್ಟಿದ ತಳಿಯನ್ನು ಬೆಳೆಸಿ ಹಂಚುವ ಸರ್ಕಾರ, ಅದು ಎಲ್ಲಿ ಓಡಬೇಕೆಂದು ಹೇಳಿಲ್ಲ.

ಹೇಳಬೇಕಾದ್ದು ಈಗ. ಜಾತ್ರೆಗಳ ನಾಯಿ ಓಟದ ಸ್ಪರ್ಧೆಗಳು ಜೀವಂತ ಪ್ರಾಣಿಯಿಲ್ಲದೆ ನಡೆಯಲಿ. ತಾಲ್ಲೂಕಿಗೊಂದು ಬೇಲಿಯ ಒಳಗಿನ ಓಟದ ನೆಲವನ್ನು ಪಂಚಾಯ್ತಿಗಳೂ ವಿಶ್ವವಿದ್ಯಾಲಯವೂ ಸೇರಿ ಗೊತ್ತುಮಾಡಲಿ. ಪಡದವರು ವಿಷದ ತುತ್ತು ಇಡುವ ಬದಲು ನಷ್ಟದ ಪಂಚನಾಮೆ ಮಾಡಿಸಲಿ, ನಾಯಿಯವರು ಆ ನಷ್ಟ ತುಂಬಿಕೊಡಲಿ.