ಇಂಗಾಲದ ಡೈಆಕ್ಸೈಡ್ ವಿಸರ್ಜನೆ

ಜೀವಕೋಶಗಳು ಆಹಾರದಿಂದ ಶಕ್ತಿ ಪಡೆಯುವಾಗ ಹುಟ್ಟುವ ಇಂಗಾಲದ ಡೈಆಕ್ಸೈಡನ್ನು ಮಾನವ ದೇಹವು ರಕ್ತದ ಮೂಲಕ ಶ್ವಾಸಕೋಶಕ್ಕೆ ಸಾಗಿಸಿ, ಉಸಿರಿನೊಡನೆ ಹೊರಹಾಕುವ ಕ್ರಿಯೆ. ಸಾಗಣೆಯೇ ಇದರ ಸ್ವಾರಸ್ಯ. ಸುಮಾರು ಶೇ. 70 ಭಾಗ ಅನಿಲರೂಪದಲ್ಲಿ ಸಾಗುವುದೇ ಇಲ್ಲ. ಕೆಂಪು ರಕ್ತಕಣದೊಳಗೆ ಕಾರ್ಬಾನಿಕ್ ಅನ್‌ಹೈಡ್ರೇಸ್ ಎಂಬ ಕಿಣ್ವದ ನೆರವಿನಿಂದ ನೀರಿನೊಡನೆ ಸೇರಿ ಕಾರ್ಬಾನಿಕ್ ಆಮ್ಲವಾಗುತ್ತದೆ, ಕೂಡಲೇ ಒಡೆದು ಬೈಕಾರ್ಬನೇಟ್ ರೂಪದಲ್ಲಿ ಪ್ಲಾಸ್ಮಾಕ್ಕೆ ಇಳಿಯುತ್ತದೆ. ಅದರ ಬದಲಿಗೆ ಕ್ಲೋರೈಡ್ ಅಯಾನು ಕಣದೊಳಕ್ಕೆ ಬರುತ್ತದೆ. ಉಳಿದದ್ದರಲ್ಲಿ ಹೆಚ್ಚಿನ ಪಾಲು ಹೀಮೊಗ್ಲೋಬಿನ್‌ಗೆ ಅಂಟಿರುತ್ತದೆ, ಸ್ವಲ್ಪ ಹಾಗೆಯೇ ಕರಗಿರುತ್ತದೆ. ಶ್ವಾಸಕೋಶದ ಗಾಳಿಗೂಡುಗಳಲ್ಲಿ ಇದೆಲ್ಲ ಹಿಮ್ಮುಖವಾಗುತ್ತದೆ. ಒಳಗೆಳೆದ ಗಾಳಿಯಲ್ಲಿ ಸುಮಾರು ಶೇ. 0.04ರಷ್ಟಿದ್ದ ಈ ಅನಿಲ, ಬಿಟ್ಟ ಉಸಿರಿನಲ್ಲಿ ಸುಮಾರು ಶೇ. 4ರಷ್ಟಿರುತ್ತದೆ. ಉಸಿರು ಬಿಗಿಹಿಡಿದವರನ್ನು ಮೊದಲು ಚಡಪಡಿಸುವಂತೆ ಮಾಡುವುದು ಮುಖ್ಯವಾಗಿ ಆಮ್ಲಜನಕದ ಕೊರತೆಯಲ್ಲ, ರಕ್ತದಲ್ಲಿ ಈ ಅನಿಲದ ಏರಿಕೆ. ಅದನ್ನು ಮಿದುಳುಕಾಂಡದ ಗ್ರಾಹಕಗಳು ಗುರುತಿಸಿ ಉಸಿರಾಟದ ವೇಗ ಹೆಚ್ಚಿಸುತ್ತವೆ.