ಹಲ್ಲಿನ ಬೇರಿಗೆ ರಕ್ತದ ನೀರೆರೆದವರು

ಎಂಟು ವರ್ಷದ ಹುಡುಗ ಆಟವಾಡುತ್ತ ಬಿದ್ದು ಮುಂದಿನ ಹಲ್ಲನ್ನು ಮುರಿದುಕೊಳ್ಳುವುದು ಯಾವ ಊರಿಗೂ ಹೊಸದಲ್ಲ. ಆ ವಯಸ್ಸಿಗೆ ಹೊರಗೆ ಕಾಣುವ ಹಲ್ಲು ದೊಡ್ಡದಾಗಿದ್ದರೂ ಒಳಗಿನ ಬೇರು ಬೆಳೆದು ಮುಗಿದಿರುವುದಿಲ್ಲ. ಅದರ ತುದಿ ಕೊಳವೆಯ ಬಾಯಿಯಂತೆ ತೆರೆದೇ ಇರುತ್ತದೆ. ಒಳಗಿನ ತಿರುಳು ಸತ್ತಿತೆಂದರೆ ಬೇರಿನ ಬೆಳವಣಿಗೆಯೂ ಅಲ್ಲಿಗೇ ನಿಂತಿತು. ದೊಡ್ಡವರಿಗೆ ಮಾಡುವಂತೆ ರೂಟ್ ಕೆನಾಲ್ ಮಾಡಿ ತುಂಬೋಣವೆಂದರೆ ಅದು ಅಡಿಯಿಲ್ಲದ ಕೊಡವನ್ನು ತುಂಬಿದ ಹಾಗೆ. ಒಳಗೆ ಸುಣ್ಣದ ಲೇಪವನ್ನು ತಿಂಗಳುಗಟ್ಟಲೆ ಇಟ್ಟು ತುದಿಯನ್ನು ಮುಚ್ಚಿಸುವ ಉಪಾಯ 1960ರ ದಶಕದಲ್ಲಿ ರೂಢಿಗೆ ಬಂತು. ವೀಳ್ಯದೆಲೆಗೆ ಹಚ್ಚುವ ಸುಣ್ಣದ ಶುದ್ಧರೂಪವೇ ಅದು. ತುದಿಯೇನೋ ಮುಚ್ಚಿತು, ಬೇರಿನ ಗೋಡೆ ಮಾತ್ರ ತೆಳುವಾಗಿಯೇ ಉಳಿದು, ಇನ್ನೊಂದು ಪೆಟ್ಟಿಗೆ ಹಲ್ಲು ಮುರಿಯುವ ಭಯ ತಪ್ಪಲಿಲ್ಲ.

ನಾಳದೊಳಗೆ ರಕ್ತ ಕಂಡರೆ ಒರೆಸಿ ಒಣಗಿಸುವುದು ದಂತವೈದ್ಯರ ಪದ್ಧತಿ. 1961ರಲ್ಲಿ ನಾರ್ವೆ ದೇಶದ ನ್ಯೂಗಾರ್ಡ್ ಓಸ್ಟ್‌ಬಿ ಎಂಬ ವಿದ್ವಾಂಸರು ಇದಕ್ಕೆ ವಿರುದ್ಧವಾದುದನ್ನು ಪ್ರಕಟಿಸಿದರು. ಬೇಕೆಂದೇ ಉಪಕರಣವನ್ನು ಬೇರಿನ ತುದಿಯಾಚೆಗೆ ಹಾಯಿಸಿ, ರಕ್ತ ಬರಿಸಿ, ಅದನ್ನು ಒಳಗೇ ಹೆಪ್ಪುಗಟ್ಟಲು ಬಿಟ್ಟರು. ಆಮೇಲೆ ಆ ಹಲ್ಲುಗಳನ್ನು ಕಿತ್ತು ಸೂಕ್ಷ್ಮದರ್ಶಕದಡಿ ನೋಡಿದಾಗ, ಹೆಪ್ಪಿದ್ದ ಜಾಗಕ್ಕೆ ಜೀವಂತ ನಾರುಕೋಶ ಹಬ್ಬಿತ್ತು. ಹೊಸ ತಿರುಳು ಹುಟ್ಟಿರಲಿಲ್ಲ, ನಿಜ. ಆದರೂ ಸತ್ತ ಹಲ್ಲಿನೊಳಗೆ ಜೀವ ಕಾಲಿಟ್ಟದ್ದು ಸಣ್ಣ ಸಂಗತಿಯೇ?

ಈ ಮಾತು ಸುಮಾರು ನಲವತ್ತು ವರ್ಷ ಹಿನ್ನೆಲೆಯಲ್ಲೇ ಉಳಿಯಿತು. 2001ರಲ್ಲಿ ಜಪಾನಿನಿಂದಲೂ, 2004ರಲ್ಲಿ ಅಮೆರಿಕದ ಬ್ಯಾಂಕ್ಸ್ ಮತ್ತು ಟ್ರೋಪ್ ಅವರಿಂದಲೂ ಮಕ್ಕಳ ಹಲ್ಲಿನ ಬೇರು ಮತ್ತೆ ಬೆಳೆದ ವರದಿಗಳು ಬಂದಮೇಲೆಯೇ ಜನ ಅತ್ತ ತಿರುಗಿದ್ದು. ಕೆಲವೊಮ್ಮೆ, ಎಷ್ಟು ಕೆದಕಿದರೂ ಸಾಕಷ್ಟು ರಕ್ತ ಮೇಲೇರದು. ಆಗ ತೋಳಿನಿಂದ ತೆಗೆದ ರಕ್ತವನ್ನೇ ತುಂಬಬಾರದೇಕೆ ಎಂಬ ಯೋಚನೆ ಹುಟ್ಟಿತು.

ಡೆಂಗೀ ಜ್ವರದ ದೆಸೆಯಿಂದ ‘ಪ್ಲೇಟ್‌ಲೆಟ್’ ಎಂಬ ಮಾತು ಈಗ ಮನೆಮನೆಗೂ ಪರಿಚಿತ. 1882ರಲ್ಲಿ ಇಟಲಿಯ ಬಿಜೊಜೆರೊ ರಕ್ತ ಹೆಪ್ಪುಗಟ್ಟುವುದರಲ್ಲಿ ಈ ಕಣಗಳ ಪಾತ್ರವನ್ನು ವಿವರಿಸಿದ್ದರು. ಹೆಸರಿನ ಅರ್ಥ ಕಿರುತಟ್ಟೆ ಎಂದಷ್ಟೆ. ಗಾಯ ಮಾಯಿಸುವ, ಅಂಗಾಂಶ ಬೆಳೆಸುವ ದ್ರವ್ಯಗಳು ಈ ತಟ್ಟೆಗಳಲ್ಲಿವೆ. ಫ್ರಾನ್ಸಿನ ಶುಕ್ರೂನ್ 2001ರಲ್ಲಿ ತೋರಿಸಿದ ವಿಧಾನ ಬಲು ಸರಳ: ರಕ್ತಕ್ಕೆ ಏನನ್ನೂ ಬೆರೆಸದೆ ಕೂಡಲೇ ಯಂತ್ರದಲ್ಲಿ ತಿರುಗಿಸಿದರೆ ಕೆಂಪುಕಣ ತಳಕ್ಕಿಳಿದು, ನೀರು ಮೇಲೆ ನಿಂತು, ನಡುವೆ ಗಟ್ಟಿಮೊಸರಿನಂಥ ಹೆಪ್ಪು ಕೂಡುತ್ತದೆ. ಆ ಹೆಪ್ಪೇ ಔಷಧ. 2012ರಲ್ಲಿ ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯವರು ಬೇರೊಂದು ಕ್ರಮದಲ್ಲಿ ಬೇರ್ಪಡಿಸಿದ ಪ್ಲೇಟ್‌ಲೆಟ್ ರಸವನ್ನು ಹಲ್ಲಿಗೆ ಹಾಕಿ, ಬರಿಯ ರಕ್ತಕ್ಕಿಂತ ಒಳ್ಳೆಯ ಫಲ ಕಂಡರು. ಆಮೇಲಿನ ಹೋಲಿಕೆಗಳು ಅನೇಕವು ಎರಡನ್ನೂ ಹೆಚ್ಚುಕಡಿಮೆ ಸಮವೆಂದಿವೆ.

ಇದನ್ನು ‘ಪುನರುಜ್ಜೀವನ’ ಎನ್ನುವ ವಾಡಿಕೆ ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ಇಂಥ ಹಲ್ಲುಗಳನ್ನು ಸೀಳಿ ನೋಡಿದಾಗ ಹೆಚ್ಚಾಗಿ ಸಿಕ್ಕಿದ್ದು ಮೂಳೆಯಂಥ, ನಾರಿನಂಥ ವಸ್ತು, ಮೊದಲಿನ ತಿರುಳಲ್ಲ. ಜೀರ್ಣೋದ್ಧಾರವೆಂದರೆ ಸರಿಹೋದೀತು. ಇದಕ್ಕಾಗಿ ಮಗುವಿನ ತೋಳಿಗೆ ಬೇರೆ ಸೂಜಿ ಚುಚ್ಚಬೇಕು. ಸೂಜಿ ಕಂಡೊಡನೆ ಅಳುವ ಮಗುವಾದರೆ ಓಸ್ಟ್‌ಬಿಯವರ ಹಳೆಯ ದಾರಿಯೇ ಉಳಿದಿದೆ.